ಕಡತದಿಂದ ಕಡತಕ್ಕೆ

ಮನುಷ್ಯರಿಗೆ ಮಾತ್ರವಲ್ಲದೆ ಮಾತುಗಳಿಗೂ ಪೌತಿ ಖಾತೆಯೆಂಬುದುಂಟು. ಸತ್ತುಹೋದ ವಸ್ತುವಿನ ಹೆಸರನ್ನು ಬದುಕಿರುವ ವಸ್ತುವೊಂದು ತನ್ನದಾಗಿ ಮಾಡಿಕೊಳ್ಳುವ ಈ ವ್ಯವಹಾರಕ್ಕೆ ‘ಕಡತ’ ಎಂಬ ಶಬ್ದಕ್ಕಿಂತ ಒಳ್ಳೆಯ ಸಾಕ್ಷ್ಯ ನನಗೆ ತೋರದು. ಇಂದು ತಾಲ್ಲೂಕು ಕಚೇರಿಯ ಕಪಾಟಿನಲ್ಲಿ ದಾರ ಬಿಗಿದುಕೊಂಡು ಮಲಗಿರುವ ಕಾಗದದ ಕಟ್ಟಿಗೆ ಕಡತವೆಂದು ಹೆಸರು; ಗಣಕಯಂತ್ರಕ್ಕೆ ಕನ್ನಡವನ್ನು ಕಲಿಸಿದವರು ಅದರೊಳಗಣ ‘ಫೈಲಿ’ಗೂ ಅದೇ ನಾಮಕರಣ ಮಾಡಿದ್ದಾರೆ; ಆದರೆ ಈ ವಂಶದ ಮೂಲಪುರುಷನಾದ ಕಪ್ಪುಬಟ್ಟೆಯ ಪುಸ್ತಕವನ್ನು ಕೈಯಲ್ಲಿ ಹಿಡಿದು ಮಡಿಕೆ ಬಿಚ್ಚಿ ನೋಡಿದವರು ಈಗ ಬಹಳ ವಿರಳ.

ಆ ಪುಸ್ತಕದ ರಚನೆ ಹೀಗಿತ್ತು. ಎಂಟಂಗುಲದಿಂದ ಒಂದಡಿಯವರೆಗೆ ಅಗಲವೂ 12ರಿಂದ 18 ಅಡಿಗಳವರೆಗೆ ಉದ್ದವೂ ಇರುವ ಒಂದು ಹತ್ತಿಬಟ್ಟೆಯ ಪಟ್ಟಿಗೆ, ಹುಣಿಸೆಬೀಜವನ್ನು ಅರೆದು ಕುದಿಸಿದ ಅಂಟಿನಲ್ಲಿ ಇದ್ದಿಲ ಪುಡಿಯನ್ನು ಕಲಸಿ ಎರಡು ಮೈಗೂ ಬಳಿದು, ಒಣಗಿದ ಮೇಲೆ ಅದನ್ನು ಕತ್ತರಿಸದೆ ಮಡಿಕೆ ಮಡಿಕೆಯಾಗಿ ಮಡಿಚಿ, ಎರಡು ತುದಿಗಳಿಗೂ ಮರದ ಹಲಗೆಗಳನ್ನು ರಟ್ಟಿನಂತೆ ಅಂಟಿಸಿದರೆ ಕಡತ ಸಿದ್ಧವಾಗುತ್ತಿತ್ತು. ಬರೆಯುವುದು ಬಳಪದಿಂದ, ಅಕ್ಷರ ಬೆಳ್ಳಗೆ ಮೂಡುವುದು, ತಪ್ಪಾದರೆ, ಅಥವಾ ಕೆಲಸ ಮುಗಿದರೆ, ಬಟ್ಟೆಯ ಚೂರಿನಿಂದ ಒರಸಿ ಅದೇ ಜಾಗದಲ್ಲಿ ಬೇರೆಯದನ್ನು ಬರೆಯಬಹುದು, ಕಪ್ಪು ಮಾಸಿದಾಗ ಇದ್ದಿಲನ್ನೂ ಸೊಪ್ಪಿನ ರಸವನ್ನೂ ಹಚ್ಚಿ ಮೈಯನ್ನು ಹೊಸದಾಗಿಸಬಹುದು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು 1810ರಲ್ಲಿ ಅಚ್ಚಾದ ತನ್ನ ಇತಿಹಾಸಗ್ರಂಥದ ಮೊದಲ ಸಂಪುಟದಲ್ಲಿ ಇದನ್ನು ವರ್ಣಿಸಿ, ಒರಸಿದರೆ ಅಳಿಯುವಂಥದಾಗಿದ್ದರೂ ಕಲ್ಲು ತಾಮ್ರಗಳನ್ನು ಬಿಟ್ಟರೆ ಈ ದೇಶದ ಲೇಖನಸಾಮಗ್ರಿಗಳಲ್ಲಿ ಇದಕ್ಕಿಂತ ಬಾಳಿಕೆಯದು ಇರಲಾರದೆಂಬ ಅರ್ಥದ ಮಾತನ್ನಾಡಿದ್ದಾನೆ. ಅಳಿಯತಕ್ಕದ್ದೂ ಬಾಳತಕ್ಕದ್ದೂ ಒಂದೇ ವಸ್ತುವಿನಲ್ಲಿ ಹೇಗೆ ಸೇರಿದವೆಂಬ ವಿಸ್ಮಯ ಆ ಪರದೇಶದ ಅಧಿಕಾರಿಗೆ ಉಂಟಾದುದು ಸಹಜವೇ. ನಮ್ಮ ಶಾನುಭೋಗರಿಗಾದರೋ ಅದರಲ್ಲಿ ಸೋಜಿಗವೇನೂ ಇರಲಿಲ್ಲ. ಇನ್ನೂ ತೀರ್ಮಾನವಾಗದ ಲೆಕ್ಕವನ್ನು ಮತ್ತೆಲ್ಲಿ ಬರೆಯಬೇಕು?

ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿಯೇ ‘ಕಡಿತವೆರ್ಗಡೆ’ ಎಂಬ ಅಧಿಕಾರಿ ಕಾಣಿಸಿಕೊಳ್ಳುತ್ತಾನೆ. ಕಡಿತಗಳ, ಎಂದರೆ ರಾಜ್ಯದ ಲೆಕ್ಕಪತ್ರಗಳ, ಮೇಲ್ವಿಚಾರಣೆ ಅವನದು. ಆದುದರಿಂದ ಈ ನಾಡಿನಲ್ಲಿ ಬರಹಕ್ಕೆ ಎರಡು ಅವಸ್ಥೆಗಳಿರುವುವೆಂಬ ಅರಿವು ಒಂದು ಸಾವಿರ ವರ್ಷಗಳಷ್ಟು ಹಳೆಯದೆನ್ನಬೇಕು. ನಡೆಯುತ್ತಿರುವುದು ಒಂದು, ನಡೆದು ಮುಗಿದುದು ಇನ್ನೊಂದು. ದಾನವಾಗಿ ಸೀಮೆ ಗುರುತಿಸಿ ಸಾಕ್ಷಿಗಳು ಒಪ್ಪಿದ ಮೇಲೆ ಕಲ್ಲಿಗೂ ತಾಮ್ರಕ್ಕೂ ಉಳಿಯ ಪೆಟ್ಟು ಬೀಳುವುದು; ಅದಕ್ಕೆ ಮುನ್ನ ನಡೆದ ಅಳತೆ, ತಕರಾರು, ಯಾರದೋ ಅಣ್ಣ ಒಪ್ಪದೆ ಎದ್ದುಹೋದದ್ದು, ಮರುದಿನ ಬಂದು ಒಪ್ಪಿದ್ದು, ಇವೆಲ್ಲ ಬಳಪದ ಪಾಲಿನವು. ಬಿ. ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟದಲ್ಲಿ ಅಂದಿನ ಕಡೂರು ಜಿಲ್ಲೆಯ, ಎಂದರೆ ನಮ್ಮ ಕೊಪ್ಪ ಶೃಂಗೇರಿಗಳ ಸೀಮೆಯ ಶಾಸನಗಳು ಸಂಗ್ರಹವಾಗಿವೆ. ಆ ಮಹೋಪಕಾರವನ್ನು ಎಷ್ಟು ನೆನೆದರೂ ಸಾಲದು. ಆದರೂ ಅದನ್ನು ಓದುವಾಗ, ಊಟ ಮುಗಿದ ಮೇಲೆ ಛತ್ರಕ್ಕೆ ಬಂದು ತೊಳೆದಿಟ್ಟ ಪಾತ್ರೆಗಳನ್ನು ಎಣಿಸುತ್ತಿರುವಂತೆ ನನಗೆ ಒಮ್ಮೊಮ್ಮೆ ಅನಿಸುವುದುಂಟು.

ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಈ ಮಲೆನಾಡನ್ನಾಳಿದ ಕೆಳದಿಯ ಶಿವಪ್ಪನಾಯಕನು ಈ ಎರಡು ಅವಸ್ಥೆಗಳ ಭೇದವನ್ನು ಅರಿತಷ್ಟು ಚೆನ್ನಾಗಿ ಮತ್ತಾವ ಅರಸನೂ ಅರಿಯಲಿಲ್ಲವೆಂದು ತೋರುತ್ತದೆ. ಅವನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ‘ಶಿಸ್ತು’ ಎಂಬ ಕಂದಾಯದ ನಿರ್ಣಯ ಒಂದೇ ದಿನದ ರಾಜಾಜ್ಞೆಯಿಂದ ಹುಟ್ಟಿದುದಲ್ಲ. ಪ್ರತಿ ಗ್ರಾಮದಲ್ಲಿಯೂ ಮಣ್ಣಿನ ಗುಣಕ್ಕನುಸಾರವಾಗಿ ಮಾದರಿಯ ಹೊಲಗದ್ದೆಗಳನ್ನಾರಿಸಿ, 12 ವರ್ಷಗಳ ಕಾಲ ಎಡೆಬಿಡದೆ ಅವುಗಳಲ್ಲಿ ಬಿತ್ತಿದ ಬೀಜವೆಷ್ಟು, ತಗಲಿದ ವೆಚ್ಚವೆಷ್ಟು, ಬೆಳೆದುದೆಷ್ಟು, ಅದಕ್ಕೆ ದೊರೆತ ಬೆಲೆಯೆಷ್ಟು ಎಂಬುದನ್ನು ಬರೆದಿಡಿಸಿ, ಅದರ ಸರಾಸರಿಯಿಂದ ಶಿಸ್ತನ್ನು ನಿಲ್ಲಿಸಿದನೆಂಬುದು ಪರಂಪರೆಯಿಂದ ಬಂದಿರುವ ವಿವರಣೆ. ಹನ್ನೆರಡು ವರ್ಷ ಲೆಕ್ಕವನ್ನು ಬಳಪದಲ್ಲಿಯೇ ಇಟ್ಟುಕೊಳ್ಳುವ ತಾಳ್ಮೆ ಎಷ್ಟು ಜನ ಆಳುವವರಿಗೆ ಇದ್ದೀತು? ನಮ್ಮ ಕಾಲದಲ್ಲಿ ಒಂದು ಸಮಿತಿಗೆ ಮೂರು ತಿಂಗಳ ಗಡುವು ಕೊಡುವುದೇ ಔದಾರ್ಯ.

1763ರಲ್ಲಿ ಬಿದನೂರು ಹೈದರಾಲಿಯ ವಶವಾದ ಮೇಲೆ ಈ ಸೀಮೆಯ ಲೆಕ್ಕಗಳಿಗೆ ವಲಸೆಯ ಯೋಗ ಕೂಡಿಬಂದಿತು. ಟಿಪ್ಪುವಿನ ಆಳ್ವಿಕೆಯಲ್ಲಿ ಕಂದಾಯದ ಲೆಕ್ಕಕ್ಕೆ ಪಾರಸಿಯನ್ನು ತಂದರು. 1799ರ ತರುವಾಯ ಪೂರ್ಣಯ್ಯನವರ ದಿವಾನಗಿರಿಯಲ್ಲಿ ಕನ್ನಡದ ಜತೆಗೆ ಮರಾಠಿಯೂ ಕಚೇರಿಯ ಲೇಖನಿಗೆ ಏರಿತು. 1831ರಲ್ಲಿ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಸೇರಿದಂದಿನಿಂದ ಇಂಗ್ಲಿಷ್ ಮೇಲಿನಿಂದ ಇಳಿಯಿತು, ಕಾಗದ ಎಲ್ಲ ಕಡೆಯಿಂದಲೂ ಹಬ್ಬಿತು. 1863ರಲ್ಲಿ ಸರ್ವೆ ಸೆಟ್ಲ್‌ಮೆಂಟು ಮೊದಲಾಗಿ, ಸರಪಳಿ ಹಿಡಿದವರು ಬಂದು ಪ್ರತಿಯೊಂದು ಹಿಡುವಳಿಗೂ ಒಂದು ನಂಬರನ್ನು ಕೊಡಲಾರಂಭಿಸಿದರು. ಹೀಗೆ ಹಳೆಯ ಪದ್ಧತಿಯಿಂದ ಹೊಸದಕ್ಕೆ ದಾಟುವಾಗಲೆಲ್ಲ, ಒಪ್ಪವಾಗಿ ಬರೆದು ಮೊಹರು ಹಾಕಿದ ಹಕ್ಕುಗಳು ಯಾರ ಹಂಗೂ ಇಲ್ಲದೆ ತಾವಾಗಿಯೇ ದಾಟಿದವು. ಸೆಟ್ಲ್‌ಮೆಂಟಿನ ಗುಮಾಸ್ತನು ಅವುಗಳನ್ನು ನೋಡಿ ನಕಲು ಮಾಡಿಕೊಂಡನು. ದಾಟಲಾರದೆ ಈಚೆಯ ದಡದಲ್ಲಿಯೇ ನಿಂತದ್ದು ಇನ್ನೂ ಹೆಸರು ಹತ್ತದ ದುಡಿಮೆ. ಎರಡು ಮಳೆಗಾಲದ ಹಿಂದೆ ಕಡಿದು ಹಸನು ಮಾಡಿ ಈಚೆಗಷ್ಟೆ ಸಸಿ ನೆಟ್ಟ ಪಟ್ಟಿ, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡ ತೋಟ, ಯಜಮಾನನ ಮಾತಿನ ಮೇಲೆ ನಡೆಯುತ್ತಿದ್ದ ಗೇಣಿ, ಇವು.

ಇಂಥ ದುಡಿಮೆಗೆ ನಮ್ಮ ಕಂದಾಯದ ಪರಿಭಾಷೆ ಇಟ್ಟ ಹೆಸರು ‘ಬಗರ್‌ಹುಕುಂ’. ಎಂದರೆ ಹುಕುಂ ಇಲ್ಲದ್ದು. ಪಾರಸಿಯ ಲೆಕ್ಕ ಹೋಯಿತು, ಪಾರಸಿಯ ಮಾತು ಉಳಿಯಿತು. ಸಾಗುವಳಿ ಉಂಟು, ಬೆಳೆ ಉಂಟು, ಬೆವರು ಉಂಟು; ಪುಸ್ತಕದಲ್ಲಿ ಮಾತ್ರ ಏನೂ ಇಲ್ಲ. ನಮೂನೆ 50, ನಮೂನೆ 53, ನಮೂನೆ 57 ಎಂದು ಸರ್ಕಾರವು ಮತ್ತೆ ಮತ್ತೆ ಅರ್ಜಿಗಳನ್ನು ಕರೆದು, ಹೀಗೆ ಪುಸ್ತಕದ ಹೊರಗುಳಿದುದನ್ನು ಒಳಗೆ ತರಲು ಯತ್ನಿಸಿದುದನ್ನು ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ತಾಲ್ಲೂಕುಗಳ ಯಾವ ರೈತನ ಮನೆಯಲ್ಲಿ ಕೇಳಿದರೂ ನಮೂನೆಯ ಅಂಕಿ ತಪ್ಪದಂತೆ ಹೇಳುತ್ತಾರೆ. ಭೂಸುಧಾರಣೆಯ ಕಾಲದ ಕಥೆಯೂ ಅದೇ. 1974ರ ತಿದ್ದುಪಡಿಯ ತರುವಾಯ ಗೇಣಿದಾರನು ನಮೂನೆ 7ನ್ನು ಬರೆದುಕೊಟ್ಟು ನ್ಯಾಯಮಂಡಳಿಯ ಮುಂದೆ ನಿಂತಾಗ, ಅವನ ಪರವಾಗಿ ಮಾತನಾಡಬಲ್ಲ ಪ್ರಬಲ ಸಾಕ್ಷಿ ಪಹಣಿಯ 12ನೆಯ ಕಲಂ. ಒಂಬತ್ತನೆಯ ಕಲಂ ಒಡೆಯನದು. ಹನ್ನೆರಡನೆಯದು ವರ್ಷವರ್ಷವೂ ನೋಡಿ ಬರೆಯತಕ್ಕದ್ದು, ಯಾರು ಉಳುತ್ತಾನೆ, ಏನು ಬೆಳೆದಿದ್ದಾನೆ ಎಂದು. ಹಳೆಯ ಬಳಪದ ಬರಹಕ್ಕೆ ಹೊಸ ಪುಸ್ತಕದಲ್ಲಿ ದೊರೆತ ಇಕ್ಕಟ್ಟಿನ ಜಾಗ ಅದೆಂದು ನಾನು ತಿಳಿದಿದ್ದೇನೆ. ಆ ಕಲಮಿನಲ್ಲಿ ಹೆಸರು ಬಿದ್ದವನು ಗೆದ್ದನು. ಬೀಳದವನು ತಾನು ಉತ್ತದ್ದಕ್ಕೆ ನೆರೆಮನೆಯವರ ಬಾಯಿಯನ್ನು ನೆಚ್ಚಬೇಕಾಯಿತು.

ಶೃಂಗೇರಿಯ ಮಠದ ಕಡತಗಳ ಅದೃಷ್ಟ ಬೇರೆ. ಮಠಕ್ಕೆ ಒರಸುವ ಆತುರವಿರಲಿಲ್ಲ. ಅಲ್ಲಿಯ ಲೆಕ್ಕಗಳೂ ನಿರೂಪಗಳ ಪ್ರತಿಗಳೂ ಕಪ್ಪುಬಟ್ಟೆಯ ಮಡಿಕೆಗಳಲ್ಲಿ ಉಳಿದುವು, ಡಾಕ್ಟರ್ ಎ. ಕೆ. ಶಾಸ್ತ್ರಿಯವರು ಅವುಗಳನ್ನು ಓದಿ ವಿದ್ವಲ್ಲೋಕಕ್ಕೆ ತೋರಿಸಿಕೊಟ್ಟರು. 1791ರಲ್ಲಿ ಪರಶುರಾಮಭಾವೂವಿನ ಸೈನ್ಯದವರು ಶೃಂಗೇರಿಯನ್ನು ಕೊಳ್ಳೆ ಹೊಡೆದ ತರುವಾಯ ಟಿಪ್ಪುಸುಲ್ತಾನನು ಜಗದ್ಗುರುಗಳಿಗೆ ಕನ್ನಡದಲ್ಲಿ ಬರೆಯಿಸಿದ ಪತ್ರಗಳನ್ನು 1916ರಲ್ಲಿ ಮೈಸೂರಿನ ಪ್ರಾಕ್ತನವಿಮರ್ಶೆಯ ಇಲಾಖೆಯ ಆರ್. ನರಸಿಂಹಾಚಾರ್ಯರು ಹೊರತಂದುದೂ ಇದೇ ಮಠದ ದಾಖಲೆಗಳಿಂದ. ಹೊಸ ಪದ್ಧತಿಗೆ ಸೇರದ ಹಳೆಯದನ್ನು ಒಂದು ಕೋಣೆಯಲ್ಲಿಟ್ಟು ಬೀಗ ಹಾಕಿದರೂ ಸಾಕು, 125 ವರ್ಷಗಳ ಮೇಲೆ ಅದರ ಅರ್ಥ ಬಲ್ಲವನೊಬ್ಬನು ಬರಬಹುದು.

ಆದರೆ ಅಂಗಡಿಯವನಿಗೆ 125 ವರ್ಷ ಕಾಯುವ ಅನುಕೂಲವಿಲ್ಲ. ವರ್ಷಕ್ಕೊಮ್ಮೆ ಪುಸ್ತಕ ಬದಲಾಗುವ ವರ್ತಕರ ಜಗತ್ತಿನಲ್ಲಿ ಈ ದಾಟುವಿಕೆಯ ಶಾಸ್ತ್ರ ಪರಿಪಕ್ವವಾಗಿರುವುದನ್ನು ನಾನು ಚಿಕ್ಕಂದಿನಲ್ಲಿ ಅಡಿಕೆ ಮಂಡಿಯಲ್ಲಿ ಕಂಡಿದ್ದೇನೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಹೊಸ ಕೀರ್ದಿ, ಹೊಸ ಖಾತೆಪುಸ್ತಕ. ಮೊದಲ ಪುಟಕ್ಕೆ ಅರಿಶಿನ ಕುಂಕುಮ, ಶ್ರೀಕಾರ. ಆದರೆ ಮಲೆನಾಡಿನಲ್ಲಿ ದೀಪಾವಳಿ ಬರುವುದು ಅಡಿಕೆಯ ಕೊಯ್ಲು ಕೈಯಲ್ಲಿರುವಾಗ. ಪುಸ್ತಕ ಮುಗಿಯುವ ದಿನ ಕೆಲಸ ಎಂದೂ ಮುಗಿದಿರುವುದಿಲ್ಲ. ಮಂಡಿಗೆ ಬಂದು ಬಿದ್ದ ಮೂಟೆಗಳಿಗೆ ಧಾರಣೆ ಆಗಿರುವುದಿಲ್ಲ. ಮುಂಗಡ ಹೋಗಿರುತ್ತದೆ, ಮಾಲು ಬಂದಿರುವುದಿಲ್ಲ. ಮಂಡಿಯ ಗುಮಾಸ್ತರು ಪೂಜೆಗೆ ಎರಡು ದಿನ ಮೊದಲೇ ಹಳೆಯ ಕೀರ್ದಿಯನ್ನು ಆ ದಿನದವರೆಗೆ ಬರೆದು ಸರಿತೂಗಿಸಿ, ಆಖೈರು ಶಿಲ್ಕನ್ನು ಹೊಸ ಪುಸ್ತಕದ ಆರಂಭ ಶಿಲ್ಕಾಗಿ ಏರಿಸುತ್ತಿದ್ದರು. ಅದು ಎಲ್ಲರೂ ಮಾಡತಕ್ಕ ಕೆಲಸ. ಅವರ ವಿಶೇಷವೆಂದರೆ, ಅನಂತರ ಗೋಡೆಯ ಮೊಳೆಗೆ ತೂಗುಬಿದ್ದ ತಂತಿಯಿಂದ ಕಚ್ಚಾ ಚೀಟಿಗಳನ್ನು ಒಂದೊಂದಾಗಿ ಬಿಡಿಸಿ, ಯಾವುದು ಕೀರ್ದಿಗೆ ಹತ್ತಿದೆ, ಯಾವುದು ಹತ್ತಿಲ್ಲ ಎಂದು ಎರಡು ರಾಶಿ ಮಾಡಿ, ಹತ್ತಿದವನ್ನು ಹರಿದು, ಹತ್ತದವನ್ನು ಹೊಸ ತಂತಿಗೆ ಅದೇ ಕ್ರಮದಲ್ಲಿ ಚುಚ್ಚುವುದು. ಆ ಹೊತ್ತಿನಲ್ಲಿ ಯಾರು ಮಾತನಾಡಿಸಿದರೂ ಅವರು ತಲೆಯೆತ್ತುತ್ತಿರಲಿಲ್ಲ. ಸಿಹಿ ಹಂಚುವುದು ಅದರ ಬಳಿಕ.

ಇಷ್ಟೆಲ್ಲ ನೆನಪಾದುದಕ್ಕೆ ಕಾರಣ ನನ್ನ ತಮ್ಮನ ಮಗ. ಮುತ್ತಿನಕೊಪ್ಪದ ತಮ್ಮನ ಮನೆಗೆ ಕಳೆದ ದೀಪಾವಳಿಗೆ ಹೋಗಿದ್ದೆ. (ಕೊಪ್ಪವೆಂದು ಓದಿ ಶೃಂಗೇರಿಯ ದಾರಿಯ ತಾಲ್ಲೂಕು ಕೇಂದ್ರಕ್ಕೆ ಕಾಗದ ಹಾಕುವವರು ಇನ್ನೂ ಇದ್ದಾರೆ, ಇದು ನರಸಿಂಹರಾಜಪುರ ತಾಲ್ಲೂಕಿನ ಊರು. ಆ ನರಸಿಂಹರಾಜಪುರವೂ 1915ರವರೆಗೆ ಎಡೇಹಳ್ಳಿಯಾಗಿದ್ದು, ಯುವರಾಜರ ಹೆಸರನ್ನು ಧರಿಸಿ ತನ್ನ ಖಾತೆ ಬದಲಾಯಿಸಿಕೊಂಡಿತು.) ಹುಡುಗನು ಬೆಂಗಳೂರಿನ ಒಂದು ಕಂಪನಿಯ ಕೆಲಸವನ್ನು ಊರಿನ ಜಗಲಿಯಲ್ಲಿಯೇ ಕುಳಿತು ಮಾಡುತ್ತಾನೆ. ಅಂಗಳದಲ್ಲಿ ಅಡಿಕೆ ಬೇಯುತ್ತಿದ್ದ ಹಂಡೆಯ ಹೊಗೆ ಜಗಲಿಗೆ ನುಗ್ಗುತ್ತಿದ್ದರೂ ಲಕ್ಷ್ಯವಿಲ್ಲದೆ ಮಣೆಯ ಮೇಲಿಟ್ಟ ಲ್ಯಾಪ್‌ಟಾಪಿನ ಮುಂದೆ, ನನ್ನ ಮಂಡಿಯ ಗುಮಾಸ್ತರ ಭಂಗಿಯಲ್ಲಿಯೇ, ತಲೆಯೆತ್ತದೆ ಕುಳಿತಿದ್ದನು. ಏನಪ್ಪಾ ಅಂಥ ಕೆಲಸ ಎಂದರೆ, “ಹಳೇ ಪುಸ್ತಕದಿಂದ ಹೊಸಾ ಪುಸ್ತಕಕ್ಕೆ ಹೋಗ್ತಿದೀವಿ ದೊಡ್ಡಪ್ಪ, ನನ್ನ ಕಚ್ಚಾ ಚೀಟಿ ಬಿಡಿಸಿಕೊಳ್ತಿದೀನಿ” ಎಂದನು. ನನ್ನ ಕಥೆಗಳನ್ನು ಕೇಳಿ ಬೆಳೆದ ಮಗು.

ಆವೃತ್ತಿ ನಿಯಂತ್ರಣವೆಂದು ಅವರು ಕರೆಯುವ ಈ ವ್ಯವಸ್ಥೆಯ ಇತಿಹಾಸವೂ ವಲಸೆಗಳ ಇತಿಹಾಸವೇ. ಹತ್ತಾರು ಜನ ಒಂದೇ ಗ್ರಂಥವನ್ನು ತಿದ್ದುವಾಗ ಯಾರು ಎಂದು ಏನನ್ನು ತಿದ್ದಿದರೆಂಬುದನ್ನು ಬರೆದಿಡುವ ತಂತ್ರವನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಮಾರ್ಕ್ ರಾಕ್‌ಕೈಂಡ್ ಎಂಬವನು 1972ರಲ್ಲಿ ‘ಎಸ್‌ಸಿಸಿಎಸ್’ ಎಂಬ ಹೆಸರಿನಿಂದ ಆರಂಭಿಸಿದನು, 1980ರ ದಶಕದಲ್ಲಿ ವಾಲ್ಟರ್ ಟಿಖಿಯ ‘ಆರ್‌ಸಿಎಸ್’, ಅದರ ಹೆಗಲ ಮೇಲೆ ಡಿಕ್ ಗ್ರೂನನ ‘ಸಿವಿಎಸ್’ ಬಂದುವು, 2004ರಲ್ಲಿ ‘ಸಬ್‌ವರ್ಷನ್’ನ ಮೊದಲ ಪೂರ್ಣ ಆವೃತ್ತಿ ಹೊರಬಿದ್ದಿತು, ಮರುವರ್ಷವೇ, ಲಿನಕ್ಸ್ ಮಂಡಲಿಯವರು ಬಳಸುತ್ತಿದ್ದ ‘ಬಿಟ್‌ಕೀಪರ್’ ಎಂಬುದರ ಉಚಿತ ಪರವಾನಿಗಿ ತಪ್ಪಿಹೋದುದರಿಂದ, ಲಿನಸ್ ಟೊರ್ವಾಲ್ಡ್ಸನು ‘ಗಿಟ್’ ಎಂಬುದನ್ನು ಕಟ್ಟಿದನು. ಅಂದಿನಿಂದ ಲೋಕವೆಲ್ಲ ಗಿಟ್‌ನ ಕಡೆಗೆ ಹೊರಟಿದೆ. ಕನ್ನಡ ವಿಕಿಪೀಡಿಯವೂ ಸೇರಿದಂತೆ ಎಲ್ಲ ವಿಕಿಪೀಡಿಯಗಳನ್ನು ನಡೆಸುವ ‘ಮೀಡಿಯಾವಿಕಿ’ ತಂತ್ರಾಂಶವು 2012ರ ಮಾರ್ಚಿನಲ್ಲಿ ಸಬ್‌ವರ್ಷನ್ನಿನಿಂದ ಗಿಟ್‌ಗೆ ದಾಟಿತು. ನನ್ನ ಹುಡುಗನ ಕಂಪನಿ ಹಿಂದುಳಿದ ಪೈಕಿ.

ವಲಸೆಯ ಯಂತ್ರವು ಮಾಡುವುದು ಸೆಟ್ಲ್‌ಮೆಂಟಿನ ಗುಮಾಸ್ತನು ಮಾಡಿದ್ದನ್ನೇ. ಎಲ್ಲರ ಕೆಲಸವೂ ಸೇರುವ ಭಂಡಾರದೊಳಗೆ ಸಲ್ಲಿಸಲ್ಪಟ್ಟು ಸಂಖ್ಯೆ ಪಡೆದ ಪ್ರತಿಯೊಂದು ತಿದ್ದುಪಡಿಯನ್ನೂ, ಹತ್ತು ವರ್ಷಗಳ ಹಿಂದಿನದಾದರೂ, ತಿದ್ದಿದವನ ಹೆಸರೂ ತಾರೀಖೂ ತಪ್ಪದಂತೆ ಅದು ನಕಲು ಮಾಡುತ್ತದೆ. ಸಲ್ಲಿಸುವುದಕ್ಕೆ ಅವರು ‘ಕಮಿಟ್’ ಎನ್ನುತ್ತಾರೆ. ಆದರೆ ಕೆಲಸಗಾರನ ಸ್ವಂತ ಯಂತ್ರದಲ್ಲಿ ಅರ್ಧ ಬರೆದು ಇನ್ನೂ ಸಲ್ಲಿಸದಿರುವುದನ್ನು ಅದು ಕಾಣದು. ಭಂಡಾರಕ್ಕೆ ಬಾರದುದರ ಸುಳಿವೇ ಅದಕ್ಕಿಲ್ಲ. ಹಿಂದೆ ಬೇರೊಂದು ಕಂಪನಿಯಲ್ಲಿದ್ದಾಗ ಈ ಹುಡುಗ, ಶುಕ್ರವಾರ ಸಂಜೆ ಹಳೆಯ ಭಂಡಾರಕ್ಕೆ ಬೀಗ ಬೀಳುತ್ತದೆಂಬ ಮಾತನ್ನು ಓದಿಯೂ ಓದದವನಂತಿದ್ದು, ಸೋಮವಾರ ಹೊಸ ಪ್ರತಿಯನ್ನು ಹಳೆಯದರ ಮೇಲೆಯೇ ಇಳಿಸಿಕೊಂಡು, ಹನ್ನೊಂದು ದಿನದ ಕೆಲಸವನ್ನು ನೀರಿಗೆ ಬಿಟ್ಟಿದ್ದನಂತೆ. ಒರಸಿದವನು ತಾನೇ ಆದುದರಿಂದ ಯಾರನ್ನೂ ಬೈಯುವಂತಿರಲಿಲ್ಲ.

ಈ ಸಲ ಅವನು ಮಾಡುತ್ತಿದ್ದುದನ್ನು ಪಕ್ಕದಲ್ಲಿ ಕುಳಿತು ನೋಡಿದೆ. ಮೊದಲು ತನ್ನ ಪ್ರತಿಯನ್ನು ಹಳೆಯ ಭಂಡಾರದ ಕಟ್ಟಕಡೆಯ ಸಂಖ್ಯೆಯವರೆಗೆ ತಂದುಕೊಂಡನು. ಗುಮಾಸ್ತರು ಕೀರ್ದಿಯನ್ನು ಆ ದಿನದವರೆಗೆ ಬರೆದುಕೊಂಡಂತೆ. ಆಮೇಲೆ ಒಂದು ಪಟ್ಟಿಯನ್ನು ಕರೆದನು. ತಿದ್ದಿದ ಕಡತಗಳ ಮುಂದೆ ‘ಎಂ’ ಎಂಬ ಅಕ್ಷರ, ಹೊಸದಾಗಿ ಸೇರಿಸಿದವುಗಳ ಮುಂದೆ ‘ಎ’, ಭಂಡಾರವು ಹೆಸರನ್ನೇ ಕೇಳಿಲ್ಲದವುಗಳ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ತಿದ್ದಿದವುಗಳನ್ನೂ ಸೇರಿಸಿದವುಗಳನ್ನೂ ಒಂದು ‘ಪ್ಯಾಚ್’ ಮಾಡಿದನು. ಪ್ಯಾಚ್ ಎಂದರೆ ತೇಪೆ; ತೆಗೆದ ಸಾಲಿಗೆ ಋಣಚಿಹ್ನೆ, ಹಾಕಿದ ಸಾಲಿಗೆ ಧನಚಿಹ್ನೆ, ಎಲ್ಲಿ ಅಂಟಿಸಬೇಕೆಂದು ತಿಳಿಯಲು ಆಚೀಚೆಯ ಮೂರು ಮೂರು ಸಾಲುಗಳ ಗುರುತು. ನಮ್ಮ ಸರ್ವೆಯವರು ಒಂದು ಗಡಿಕಲ್ಲನ್ನು ಹೇಳಲು ಪೂರ್ವಕ್ಕೆ ಇಂಥ ಹಳ್ಳ, ಪಶ್ಚಿಮಕ್ಕೆ ಇಂಥ ಮರ ಎಂದಂತೆ. ಪ್ರಶ್ನಾರ್ಥಕ ಚಿಹ್ನೆಯವು ತೇಪೆಯೊಳಗೆ ಬರುವುದಿಲ್ಲ. ಅವುಗಳನ್ನು ಎತ್ತಿ ಬೇರೆಯಾಗಿ ಕಟ್ಟಿಟ್ಟನು. “ಇಷ್ಟೆಯೋ?” ಎಂದೆ. “ಇಲ್ಲ ದೊಡ್ಡಪ್ಪ, ಪಟ್ಟಿಗೇ ಬರದೆ ಇರೋವು ಇನ್ನೊಂದಷ್ಟು ಇದಾವೆ. ಇವನ್ನ ಲೆಕ್ಕಕ್ಕೆ ಹಿಡೀಬೇಡ ಅಂತ ನಾವೇ ಮೊದಲೇ ಹೇಳಿಟ್ಟಿರ್ತೀವಿ” ಎಂದನು. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಯಂತ್ರದ ಸ್ಥಳೀಯ ಏರ್ಪಾಡು, ಕೀಲಿಪದ, ತನಗಷ್ಟೆ ಬೇಕಾದ ಟಿಪ್ಪಣಿ ಇಂಥವು. ಕಳೆದುಹೋದರೆ ಮರುದಿನ ಬೆಳಗ್ಗೆ ಕೆಲಸವೇ ನಡೆಯದಂಥವು. ಅವನ್ನೂ ಹುಡುಕಿ ತೆಗೆದನು. ಹೊಸ ಭಂಡಾರದ ಪ್ರತಿಯನ್ನು ಬೇರೆಯ ಜಾಗದಲ್ಲಿ ಇಳಿಸಿಕೊಂಡು, ತೇಪೆ ಹಚ್ಚಿ, ಎರಡನ್ನೂ ಸಾಲು ಸಾಲಾಗಿ ಹೋಲಿಸಿ ನೋಡಿದನು. ಹಳೆಯದನ್ನು ಅಳಿಸಲಿಲ್ಲ, ‘ಹಳೇದು’ ಎಂದು ಹೆಸರಿಟ್ಟು ಪಕ್ಕಕ್ಕೆ ಸರಿಸಿದನು. ಒಳಗಿನಿಂದ ಎರಡು ಸಲ ಊಟಕ್ಕೆ ಕರೆದಿದ್ದರು.

ಊಟದ ಮೇಲೆ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು, ಸರ್ಕಾರವೂ ಇಂಥದೇ ಒಂದು ದಾಟುವಿಕೆಯನ್ನು ಮಾಡಿತ್ತೆಂದು ಅವನಿಗೆ ಹೇಳಿದೆ. 1963ರಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾಗಿ ಗ್ರಾಮಲೆಕ್ಕಿಗರು ಬಂದರು. ಅವರ ಕೈಬರಹದ ಪಹಣಿಗಳನ್ನು 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯವರು ಗಣಕಯಂತ್ರಕ್ಕೆ ಏರಿಸಿದರು. ರಾಜ್ಯದಲ್ಲಿ ಸುಮಾರು 2 ಕೋಟಿ ಪಹಣಿಗಳು. ಏರಿದ ಮೇಲೆ ಕೈಬರಹದ್ದಕ್ಕೆ ಮಾನ್ಯತೆಯಿಲ್ಲ. ಪುಸ್ತಕದಲ್ಲಿ ಏನಿತ್ತೋ ಅದು ಏರಿತು. ತಂದೆ ತೀರಿಕೊಂಡು ವರ್ಷಗಳಾದರೂ ಮಕ್ಕಳು ಅರ್ಜಿ ಕೊಡದೆ ಬಿಟ್ಟಿದ್ದಲ್ಲಿ ತಂದೆಯೇ ಏರಿದನು. ಬಾಯಿಮಾತಿನ ಪಾಲು, ಆಗದ ಪೋಡಿ, ಏರಲಿಲ್ಲ.

ಹುಡುಗನು ಕೈಯೊರಸಿಕೊಂಡು ಬಂದು ಮತ್ತೆ ಯಂತ್ರವನ್ನು ತೆರೆದನು. ನಮ್ಮ ತೋಟದ ಸರ್ವೆ ನಂಬರು ಕೇಳಿದನು. ತಮ್ಮನು ಒಳಗಿನಿಂದಲೇ ಕೂಗಿ ಹೇಳಿದನು. ಪಹಣಿ ಬಂದಿತು. ಒಂಬತ್ತನೆಯ ಕಲಮಿನಲ್ಲಿ ನಮ್ಮ ತಂದೆಯವರ ಹೆಸರು, ಅವರ ತಂದೆಯವರ ಹೆಸರಿನೊಂದಿಗೆ, ಸ್ಫುಟವಾಗಿತ್ತು. ಅವರು ಹೋಗಿ ಇಪ್ಪತ್ತೆರಡು ವರ್ಷ.

“ನಾಡಿದ್ದು ನಾಡಕಚೇರಿಗೆ ಹೋಗೋಣ. ಅಜ್ಜನ ಮರಣಪತ್ರ ಹುಡುಕಿಡಿ ದೊಡ್ಡಪ್ಪ, ವಂಶವೃಕ್ಷಕ್ಕೂ ಕೊಟ್ಟುಬಿಡೋಣ” ಎಂದನು. ಅಟ್ಟದ ಮೇಲಿಂದ ತಂದೆಯವರ ಪೆಟ್ಟಿಗೆಯನ್ನು ಇಳಿಸಿದೆವು. ಮರಣಪತ್ರ ಅದರಲ್ಲಿ ಇರಲಿಲ್ಲ. ತಳದಲ್ಲಿ ತುಕ್ಕು ಹಿಡಿದ ತಂತಿಯೊಂದಕ್ಕೆ ಚುಚ್ಚಿದ ನಾಲ್ಕು ಚೀಟಿಗಳಿದ್ದುವು. ಮೇಲಿನದರಲ್ಲಿ ತಂದೆಯವರ ಅಕ್ಷರದಲ್ಲಿ ಮೂರು ಮೂಟೆ ಅಡಿಕೆಯ ತೂಕ, ತಾರೀಖು, ಮತ್ತು ಧಾರಣೆ ಎಂದು ಬರೆದು ಮುಂದೆ ಬಿಟ್ಟ ಖಾಲಿ ಜಾಗ.